ಬೂದು ಬಣ್ಣಕ್ಕೊಂದು ಜಗಳ

2004ರ ಸುಮಾರಿಗೆ, ಸಂಬಳ ತರುವ, ತೆರಿಗೆ ಕಟ್ಟುವ, ಮನೆಯಲ್ಲಿ ಮಕ್ಕಳಿರುವ ಎಷ್ಟೋ ಜನ ಒಂದು ಬಣ್ಣದ ವಿಷಯಕ್ಕೆ ಕೆಂಡಾಮಂಡಲವಾದರು. ಬಣ್ಣ ಯಾವುದು ಅಂದ್ರೆ, ಬೂದು. ಲೆಗೋ ಕಂಪನಿ ಅವರನ್ನು ಒಂದು ಮಾತೂ ಕೇಳದೆ ತನ್ನ ಬೂದು ಇಟ್ಟಿಗೆಯ ಬಣ್ಣಕ್ಕೆ ಒಂಚೂರು ನೀಲಿ ಬೆರೆಸಿತ್ತು.

ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಗೊತ್ತಾಗುವ ವ್ಯತ್ಯಾಸ. ಹಳೇದರಲ್ಲಿ ಸ್ವಲ್ಪ ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ, ಅಷ್ಟೇ. ಎಂಟು ವರ್ಷದ ಮಗುವಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಅರ್ಧ ಕೋಟೆ ಕಟ್ಟಿ, ಇನ್ನರ್ಧಕ್ಕೆ ಮುಂದಿನ ಸಂಬಳ ಕಾಯ್ತಾ ಕೂತವನ ಗೋಡೆಯಲ್ಲಿ ನಡುವೆ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿಬಿಟ್ಟಿತು. ಮನೆಗೆ ಪೇಂಟ್ ಮಾಡಿಸುವಾಗ ಒಂದು ಡಬ್ಬ ಸಾಲದೆ ಇನ್ನೊಂದು ತಂದು, ಶೇಡ್ ಹೊಂದದೆ ತಲೆ ಚಚ್ಚಿಕೊಂಡವರಿಗೆ ಈ ಸಂಕಟ ಗೊತ್ತಿರುತ್ತೆ.

ಮೊದಮೊದಲು ನಾನೂ ನಕ್ಕಿದ್ದೆ. ದೊಡ್ಡವರಿಗೆ ಇದೆಂಥ ಜಗಳ ಅಂತ. ಆಮೇಲೆ ಈ ಆಟಿಕೆಯ ಚರಿತ್ರೆ ಓದ್ತಾ ಹೋದ ಹಾಗೆ, ನ್ಯಾಯ ಅವರ ಕಡೆಗೇ ಇದೆ ಅನ್ನಿಸ್ತು. ಯಾಕೆ ಅಂತ ಹೇಳೋಕೆ ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಊರಿಗೆ ಹೋಗಬೇಕು.

ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಬಡಗಿ. 1916ರಲ್ಲಿ ಬಿಲ್ಲುಂಡ್‌ನಲ್ಲಿ ಒಂದು ಮರಗೆಲಸದ ಅಂಗಡಿ ಕೊಂಡ. 1924ರಲ್ಲಿ ಅವನ ಇಬ್ಬರು ಗಂಡುಮಕ್ಕಳು ಆಟ ಆಡ್ತಾ ಹತ್ತರಿ ಹೊಟ್ಟಿಗೆ ಬೆಂಕಿ ತಗುಲಿಸಿ ಅಂಗಡಿ, ಮನೆ ಎರಡನ್ನೂ ಸುಟ್ಟರು. ಮತ್ತೆ ಕಟ್ಟಿದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಟ್ಟಿಸುವವರು ಇಲ್ಲವಾದಾಗ, 1932ರಿಂದ ಮರದ ಆಟಿಕೆ ಮಾಡೋಕೆ ಶುರು ಮಾಡಿದ. 'ಚೆನ್ನಾಗಿ ಆಡು' ಅನ್ನೋ ಅರ್ಥದ ಎರಡು ಡ್ಯಾನಿಶ್ ಪದಗಳ ತಲೆ ಕತ್ತರಿಸಿ ಜೋಡಿಸಿದರೆ 'ಲೆಗೋ'. 1942ರಲ್ಲಿ ಕಾರ್ಖಾನೆಗೆ ಮತ್ತೆ ಬೆಂಕಿ. ಮತ್ತೆ ಕಟ್ಟಿದ. ಈ ಮನುಷ್ಯನಿಗೆ ಕಟ್ಟೋದು ಅಭ್ಯಾಸವಾಗಿ ಹೋಗಿತ್ತು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತುವ ದುಬಾರಿ ಯಂತ್ರ ಕೊಂಡ. ಅದರ ಜತೆ ನಮೂನೆಯಾಗಿ ಕೈಗೆ ಬಂದಿದ್ದು ಇಂಗ್ಲೆಂಡಿನ ಕಿಡ್ಡಿಕ್ರಾಫ್ಟ್ ಕಂಪನಿಯ ಪುಟ್ಟ ಇಟ್ಟಿಗೆಗಳು. ಮೇಲೆ ಗುಬುಟು, ಕೆಳಗೆ ಟೊಳ್ಳು. ಅದನ್ನು ರೂಪಿಸಿದವನು ಹಿಲರಿ ಫಿಶರ್ ಪೇಜ್. ಅದನ್ನೇ ಒಂಚೂರು ತಿದ್ದಿ ಲೆಗೋ 1949ರಲ್ಲಿ ತನ್ನ ಇಟ್ಟಿಗೆ ಮಾರೋಕೆ ಶುರು ಮಾಡಿತು. ಪೇಜ್ 1957ರಲ್ಲಿ ತೀರಿಕೊಂಡ. ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನು ಲೆಗೋ ಕೊಂಡಿದ್ದು 1981ರಲ್ಲಿ. ಕಾನೂನಿನ ಲೆಕ್ಕ ಚುಕ್ತಾ ಆಗಿರಬಹುದು, ನನಗಂತೂ ಈ ಭಾಗ ಓದುವಾಗೆಲ್ಲ ಸ್ವಲ್ಪ ಕಸಿವಿಸಿ.

ಆ ಇಟ್ಟಿಗೆಗೊಂದು ದೋಷವಿತ್ತು. ಒಳಗೆ ಟೊಳ್ಳಾದ್ದರಿಂದ ಹಿಡಿತ ಸಾಲದು. ಕಟ್ಟಿದ್ದು ಎತ್ತಿದರೆ ಕಳಚಿ ಬೀಳೋದು. ಓಲೆಯ ಮಗ ಗೋಟ್‌ಫ್ರೆಡ್ ಮತ್ತು ಅವನ ಕಡೆಯವರು ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳನ್ನು ಇಟ್ಟರು. ಕೆಳಗಿನ ಇಟ್ಟಿಗೆಯ ಗುಬುಟು ಮೇಲಿನದರ ಕೊಳವೆ ಮತ್ತು ಗೋಡೆಗಳ ನಡುವೆ ಬಿಗಿಯಾಗಿ ಕೂತುಕೊಳ್ಳುತ್ತೆ. ಮಗು ಬಿಡಿಸಬಹುದು, ತಾನಾಗಿ ಬಿಡಲ್ಲ. 1958ರ ಜನವರಿ 28ರಂದು ಇದಕ್ಕೆ ಪೇಟೆಂಟ್ ಅರ್ಜಿ ಹೋಯಿತು. ಮಾರ್ಚಿನಲ್ಲಿ ಓಲೆ ತೀರಿಕೊಂಡ. 1963ರ ಹೊತ್ತಿಗೆ ಬಾಗುತ್ತಿದ್ದ ಹಳೇ ಪ್ಲಾಸ್ಟಿಕ್ ಹೋಗಿ ಎಬಿಎಸ್ ಬಂತು.

ಈ ಇಟ್ಟಿಗೆಯ ಜತೆಗೆ ಒಂದು ಮಾತೂ ಇತ್ತು. ಅದನ್ನು ಗೋಟ್‌ಫ್ರೆಡ್ 'ಸಿಸ್ಟಮ್' ಅಂತಿದ್ದ: ಇವತ್ತು ಕೊಂಡಿದ್ದು ನಾಳೆ ಕೊಳ್ಳುವುದಕ್ಕೆ ಕೂಡಲೇಬೇಕು. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6. ಆರು ದಶಕ ಕಳೆದರೂ ಬದಲಾಗಿಲ್ಲ. ಅಪ್ಪನ ಇಟ್ಟಿಗೆಯ ಮೇಲೆ ಮೊಮ್ಮಗಳ ಇಟ್ಟಿಗೆ ಕೂರುತ್ತೆ. ಎರಡು ವರ್ಷಕ್ಕೆ ಚಾರ್ಜರ್ ಬದಲಾಗುವ ಕಾಲದಲ್ಲಿ ಬದುಕ್ತಿರೋ ನಮಗೆ ಇದರ ಬೆಲೆ ಹೇಳಬೇಕಾಗಿಲ್ಲ.

ದೊಡ್ಡವರು ಈ ಇಟ್ಟಿಗೆ ಮುಟ್ಟಬಹುದು ಅಂತ ಕಂಪನಿಗೆ ಹೊಳೆದೇ ಇರಲಿಲ್ಲವೇ? ಹೊಳೆದಿತ್ತು, ಆದರೆ ತಮಾಷೆಯಾಗಿ. ಗೋಟ್‌ಫ್ರೆಡ್ ತನ್ನ ಹೊಸ ಮನೆಯ ಮಾದರಿಯನ್ನು ಲೆಗೋದಲ್ಲಿ ಮಾಡಹೊರಟ. ಇಟ್ಟಿಗೆಯ ಅಳತೆ ವಾಸ್ತುಶಿಲ್ಪಿಯ ಲೆಕ್ಕಕ್ಕೆ ಹೊಂದಲಿಲ್ಲ. 1963ರಲ್ಲಿ 'ಮೋಡ್ಯುಲೆಕ್ಸ್' ಅಂತ ಬೇರೆ ಕಂಪನಿಯನ್ನೇ ತೆರೆದು, ವೃತ್ತಿಪರರಿಗಾಗಿ 5 ಮಿಲಿಮೀಟರ್ ಲೆಕ್ಕದ ಚಿಕ್ಕ ಇಟ್ಟಿಗೆ ಮಾಡಿಸಿದ. ನೋಡೋಕೆ ಅಂದ ಇತ್ತು, ಬಣ್ಣಗಳೂ ಗಂಭೀರ. ಆದರೆ ಮಾಮೂಲಿ ಲೆಗೋಗೆ ಕೂಡುತ್ತಿರಲಿಲ್ಲ! ಮಕ್ಕಳಿಗೆ ಕೊಟ್ಟ ಮಾತನ್ನು ದೊಡ್ಡವರಿಗೆ ಕೊಡಬೇಕಿಲ್ಲ ಅಂದುಕೊಂಡ ಹಾಗಿತ್ತು. ಇಟ್ಟಿಗೆ ನಿಂತುಹೋಯಿತು, ಮೋಡ್ಯುಲೆಕ್ಸ್ ಈಗ ಕಟ್ಟಡಗಳಿಗೆ ನಾಮಫಲಕ ಮಾಡುವ ಕಂಪನಿ.

ದೊಡ್ಡವರು ತಾವಾಗಿಯೇ ಬಂದಿದ್ದು ಇಂಟರ್ನೆಟ್ ಬಂದ ಮೇಲೆ. ಅದಕ್ಕೆ ಮುಂಚೆ ಇರಲಿಲ್ಲ ಅಂತಲ್ಲ, ಒಬ್ಬೊಬ್ಬರೂ ಬಾಗಿಲು ಹಾಕಿಕೊಂಡು ಆಡ್ತಿದ್ದರು. 1990ರ ದಶಕದ ಯೂಸ್‌ನೆಟ್ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಸಿಕ್ಕಾಗ, ನಾನೊಬ್ಬನೇ ಹುಚ್ಚ ಅಲ್ಲ ಅಂತ ಸಮಾಧಾನ ಆಯ್ತು. ತಮಗೆ 'ಆಫಾಲ್' ಅಂತ ಹೆಸರಿಟ್ಟುಕೊಂಡರು, ಲೆಗೋ ಹುಚ್ಚಿನ ವಯಸ್ಕರು ಅಂತ ಅರ್ಥ. ಹದಿಹರೆಯದಲ್ಲಿ ನಾಚಿಕೆಯಿಂದ ಆಟಿಕೆ ಅಟ್ಟಕ್ಕೆ ಹಾಕಿ, ಮೂವತ್ತಕ್ಕೆ ಮತ್ತೆ ಇಳಿಸುವವರೆಗಿನ ಅವಧಿಗೆ ಅವರಲ್ಲಿ 'ಕತ್ತಲ ಯುಗ' ಅಂತ ಹೆಸರು. ನಮ್ಮಲ್ಲಿ ಬಹಳ ಜನಕ್ಕೆ ಆ ಕತ್ತಲಿಗೆ ಮುಂಚಿನ ಬೆಳಕೂ ಇರಲಿಲ್ಲ ಬಿಡಿ. ನಾನು ಮೊದಲ ಲೆಗೋ ನೋಡಿದ್ದು ಅಮೆರಿಕದಿಂದ ರಜೆಗೆ ಬಂದ ಚಿಕ್ಕಪ್ಪನ ಮಗನ ಕೈಯಲ್ಲಿ. ಮುಟ್ಟೋಕೆ ಕೊಡಲಿಲ್ಲ.

ಈ ದೊಡ್ಡವರು ಸುಮ್ಮನೆ ಕಟ್ಟುತ್ತಾ ಕೂರಲಿಲ್ಲ, ಪಟ್ಟಿ ಮಾಡೋಕೆ ಶುರು ಮಾಡಿದರು. ನನ್ನ ಮಟ್ಟಿಗೆ ಈ ಹವ್ಯಾಸದ ನಿಜವಾದ ಚರಿತ್ರೆ ಇದೇ. ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಎಲ್‌ಡ್ರಾ ಅನ್ನೋ ಪ್ರೋಗ್ರಾಂ ಬರೆದ. ಇಟ್ಟಿಗೆಗಳನ್ನು ಒಂದೊಂದಾಗಿ ಅಳೆದು, ಕಂಪ್ಯೂಟರಿನಲ್ಲಿ ಕಟ್ಟುವ ಹಾಗೆ ಮಾಡಿದ. 1997ರಲ್ಲಿ, 26ನೇ ವಯಸ್ಸಿಗೇ, ತೀರಿಹೋದ. ಅವನ ಬಿಡಿಭಾಗಗಳ ಭಂಡಾರಕ್ಕೆ ಗುರುತಿಲ್ಲದ ಜನ ಇವತ್ತಿಗೂ ಹೊಸ ತುಂಡುಗಳನ್ನು ಸೇರಿಸ್ತಾ ಇದಾರೆ. 2000ದಲ್ಲಿ ಡ್ಯಾನ್ ಜೆಜೆಕ್ ಬ್ರಿಕ್‌ಲಿಂಕ್ ತೆರೆದ. ಒಂದೊಂದೇ ತುಂಡನ್ನು, ಇಂಥ ಆಕಾರ, ಇಂಥ ಬಣ್ಣ ಅಂತ ಹೇಳಿ ಕೊಳ್ಳುವ ಸಂತೆ ಅದು. ಎರಡು ಸಾಲು, ಸಾಲಿಗೆ ನಾಲ್ಕು ಗುಬುಟಿನ ಮಾಮೂಲಿ ಇಟ್ಟಿಗೆಯ ಅಂಕಿ 3001. ಇಟ್ಟಿಗೆ ತಿರುಗಿಸಿ ಒಳಗೆ ನೋಡಿದರೆ ಅಚ್ಚಾಗಿರುತ್ತೆ. ಅಭಿಮಾನಿಗಳ ಪಟ್ಟಿಗಳೆಲ್ಲ ಇಂಥ ಅಂಕಿಗಳನ್ನೇ ಹಿಡಿದುಕೊಂಡು ಬೆಳೆದವು.

ಕಂಪನಿಯ ಲೆಕ್ಕವನ್ನೂ ದೊಡ್ಡವರೇ ತಿದ್ದಬೇಕಾಯ್ತು. ಇಂಥ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 10 ಕೋಟಿ 29 ಲಕ್ಷ ಚಿಲ್ಲರೆ ರೀತಿಯಲ್ಲಿ ಜೋಡಿಸಬಹುದು ಅಂತ ಲೆಗೋ ದಶಕಗಟ್ಟಲೆ ಹೇಳಿಕೊಂಡು ಬಂತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್‌ಗೆ ಅನುಮಾನ ಬಂತು. ಕಂಪನಿ ಲೆಕ್ಕ ಹಾಕಿದ್ದು ಒಂದರ ಮೇಲೊಂದು ನಿಲ್ಲಿಸಿದ ಆರಂತಸ್ತಿನ ಗೋಪುರಗಳನ್ನು ಮಾತ್ರ. ಎಲ್ಲ ಬಗೆಯನ್ನೂ ಎಣಿಸಿದರೆ 91,51,03,765.

ಇನ್ನು ಇಡೋ ಕಥೆ. ಈ ಹವ್ಯಾಸದಲ್ಲಿ ಕಟ್ಟೋದಕ್ಕಿಂತ ಹುಡುಕೋದೇ ಜಾಸ್ತಿ. ಎಲ್ಲರೂ ಮೊದಲು ಎಲ್ಲವನ್ನೂ ಒಂದೇ ಡಬ್ಬದಲ್ಲಿ ಸುರೀತಾರೆ. ಡಬ್ಬ ತುಂಬಿದ ಮೇಲೆ ಬಣ್ಣದ ಪ್ರಕಾರ ವಿಂಗಡಿಸ್ತಾರೆ. ನೋಡೋಕೆ ಬಹಳ ಚೆಂದ, ಫೋಟೋಗೂ ಚೆನ್ನ, ಕೆಲಸಕ್ಕೆ ಮಾತ್ರ ಬರಲ್ಲ. ಕಪ್ಪು ತುಂಡುಗಳ ರಾಶಿಯಲ್ಲಿ ಒಂದು ಸಣ್ಣ ಕಪ್ಪು ಕೀಲು ಹುಡುಕಿ ನೋಡಿ, ಗೊತ್ತಾಗುತ್ತೆ. ಕಣ್ಣಿಗೆ ಬಣ್ಣ ಬೇಗ ಕಾಣುತ್ತೆ, ಆಕಾರ ನಿಧಾನ. ಅದಕ್ಕೇ ಅನುಭವಸ್ಥರು ಆಕಾರದ ಪ್ರಕಾರ ಇಡ್ತಾರೆ. ಕೀಲುಗಳೆಲ್ಲ ಒಂದು ಕಡೆ ಇದ್ದರೆ ಅದರಲ್ಲಿ ಕೆಂಪು ಯಾವುದು ಅಂತ ಹುಡುಕೋದು ಒಂದು ಕ್ಷಣದ ಕೆಲಸ. ನಾನು ಎಸ್.ಪಿ. ರೋಡಿನಲ್ಲಿ ಸ್ಕ್ರೂ, ರೆಸಿಸ್ಟರ್ ಇಡುವ ಪುಟ್ಟ ಡ್ರಾಯರುಗಳ ಪೆಟ್ಟಿಗೆ ತಂದೆ. ಅದಕ್ಕೆ ಮುಂಚೆ ಮಸಾಲೆ ಡಬ್ಬಿಯಲ್ಲಿ ಇಡ್ತಿದ್ದೆ. ಅಮ್ಮನ ಹತ್ರ ಬೈಸಿಕೊಂಡ ಮೇಲೆ ಬಿಟ್ಟೆ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಮತ್ತೆ ಬೂದುವಿಗೆ ಬರೋಣ.

ಲೆಗೋದ ಮೊದಮೊದಲ ಕೋಟೆ, 1978ರದ್ದು, ಹಳದಿ ಬಣ್ಣದ್ದು. ನಂಬಿ, ಹಳದಿ ಕೋಟೆ! ಯುದ್ಧದ ಆಟಿಕೆ ಬೇಡ ಅನ್ನೋದು ಗೋಟ್‌ಫ್ರೆಡ್‌ನ ನಿಲುವು. ಬೂದು ಇಟ್ಟಿಗೆ ಧಾರಾಳವಾಗಿ ಕೊಟ್ಟರೆ ಮಕ್ಕಳು ಟ್ಯಾಂಕ್ ಕಟ್ಟುತ್ತಾರೆ ಅನ್ನೋ ಅಳುಕು ಇತ್ತು ಅಂತಾರೆ. ಕಲ್ಲಿನ ಬಣ್ಣದ ಕೋಟೆ ಬಂದಿದ್ದು 1984ರಲ್ಲಿ. ಅದನ್ನು ಕಟ್ಟಿದ ಮಕ್ಕಳೇ ಇಪ್ಪತ್ತು ವರ್ಷದ ನಂತರ ಸಂಬಳ ಹಿಡಿದು ಬಂದವರು.

ಅವರು ಬಂದಾಗ ಕಂಪನಿ ಮುಳುಗ್ತಾ ಇತ್ತು. ಬಟ್ಟೆ, ವಿಡಿಯೋ ಗೇಮ್, ಥೀಮ್ ಪಾರ್ಕ್ ಅಂತ ಹತ್ತೂ ಕಡೆ ಕೈಹಾಕಿ, ಇಟ್ಟಿಗೆಯಿಂದ ದೂರ ಹೋಗಿತ್ತು. 2004ರ ನಷ್ಟ ಸುಮಾರು 190 ಕೋಟಿ ಡ್ಯಾನಿಶ್ ಕ್ರೋನರ್. ಆ ವರ್ಷ ಮುಖ್ಯಸ್ಥನಾದ ಯೋರ್ಗೆನ್ ವಿಗ್ ಕ್ನುಡ್‌ಸ್ಟೋರ್ಪ್ ಪಾರ್ಕುಗಳನ್ನು ಮಾರಿದ, ಲಂಗುಲಗಾಮಿಲ್ಲದೆ ಬೆಳೆದಿದ್ದ ಬಿಡಿಭಾಗಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿದ. ಇದೇ ಗಲಾಟೆಯ ವರ್ಷಗಳಲ್ಲೇ ಬೂದು ಬದಲಾಗಿದ್ದು. ಹೊಸ ಬಣ್ಣ ಮಕ್ಕಳಿಗೆ ಇಷ್ಟವಾಗುತ್ತೆ ಅನ್ನೋದು ಕಂಪನಿಯ ಲೆಕ್ಕ ಇರಬಹುದು. ಆದರೆ ದೊಡ್ಡವರು ಕೇಳಿದ್ದು ಬಣ್ಣ ಚೆನ್ನಾಗಿದೆಯಾ ಅಂತ ಅಲ್ಲ. ಇವತ್ತಿನದು ನಿನ್ನೆಯದಕ್ಕೆ ಕೂಡುತ್ತೆ ಅಂತ ಹೇಳಿದ್ದು ನೀವೇ ಅಲ್ವಾ ಅಂತ. ಗುಬುಟು ಕೂಡಿತು, ನಿಜ. ಗೋಡೆ ಕೂಡಲಿಲ್ಲ.

ಹಳೇ ಬೂದು ವಾಪಸ್ ಬರಲಿಲ್ಲ. ಅಭಿಮಾನಿಗಳು ಹೊಸದಕ್ಕೆ ತಮ್ಮದೇ ಒಂದು ಅಡ್ಡಹೆಸರಿಟ್ಟು, ಪಟ್ಟಿಯಲ್ಲಿ ಬೇರೆ ಸಾಲು ಬರೆದುಕೊಂಡು ಮುಂದೆ ಹೋದರು. ಆದರೆ ಕಂಪನಿ ಅವರ ಮಾತು ಕೇಳೋಕೆ ಶುರು ಮಾಡ್ತು. 2005ರಲ್ಲಿ ಅಭಿಮಾನಿ ರಾಯಭಾರಿಗಳ ವ್ಯವಸ್ಥೆ ಬಂತು. ಜೇಮಿ ಬೆರಾರ್ಡ್ ಅನ್ನೋ ಅಮೆರಿಕದ ಹವ್ಯಾಸಿಯನ್ನು ಕೆಲಸಕ್ಕೇ ಸೇರಿಸಿಕೊಂಡರು. 2007ರಲ್ಲಿ ಅವನು ರೂಪಿಸಿದ 'ಕೆಫೆ ಕಾರ್ನರ್', 2,056 ತುಂಡುಗಳ ಮೂರಂತಸ್ತಿನ ಮೂಲೆಕಟ್ಟಡ, ಬಂತು. ಪಕ್ಕಕ್ಕೆ ಇನ್ನೊಂದು ಕಟ್ಟಡ ಕೂಡಿಸುವ ಹಾಗೆ ಬದಿಯಲ್ಲಿ ಕೀಲು. ಆ ಬೀದಿ ಇನ್ನೂ ಬೆಳೀತಾ ಇದೆ. 2019ರಲ್ಲಿ ಲೆಗೋ ಬ್ರಿಕ್‌ಲಿಂಕನ್ನೇ ಕೊಂಡಿತು, 2020ರಿಂದ ಕಪ್ಪು ಪೆಟ್ಟಿಗೆಯ ಮೇಲೆ 18+ ಅಂತ ಅಚ್ಚು ಹಾಕ್ತಾ ಇದೆ. ಅಟ್ಟದಲ್ಲಿ ಬಚ್ಚಿಟ್ಟು ಆಡ್ತಿದ್ದ ವಿಷಯ ಈಗ ಶೋಕೇಸಿಗೆ ಬಂತು. ದುಡ್ಡು ಹಾಕಿ ಸೀಲ್ ಒಡೆಯದೆ ಇಟ್ಟು, ಬೆಲೆ ಏರಿದ ಮೇಲೆ ಮಾರುವವರೂ ಬಂದರು. 2008ರ ತಾಜ್ ಮಹಲ್ ಸೆಟ್ಟು, 5,922 ತುಂಡು, ನಿಂತುಹೋದ ಮೇಲೆ ಅದರ ಬೆಲೆ ಗಗನಕ್ಕೆ ಹೋಗಿತ್ತು. 2017ರಲ್ಲಿ ಕಂಪನಿ ಅದನ್ನೇ ಮತ್ತೆ ತಂದಿತು, ಒಂದೇ ಒಂದು ತುಂಡು ಜಾಸ್ತಿ ಹಾಕಿ. ಬಚ್ಚಿಟ್ಟವರ ಮುಖ ಹೇಗಿತ್ತೋ.

ಬಿಳಿ ತಾಜ್ ಕಟ್ಟಿದವರಿಗೆ ಇನ್ನೊಂದು ತಲೆನೋವು. ಬಿಸಿಲು ತಾಗಿದರೆ ಎಬಿಎಸ್ ಹಳದಿಯಾಗುತ್ತೆ. ಆಗ್ರಾದ ಅಸಲಿ ತಾಜ್ ಹಳದಿಯಾದಾಗ ಪುರಾತತ್ವ ಇಲಾಖೆ ಮಣ್ಣಿನ ಲೇಪ ಹಾಕಿ ತೊಳೆಯುತ್ತೆ. ಹವ್ಯಾಸಿಗಳು ತಮ್ಮ ಇಟ್ಟಿಗೆಯನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬಿಸಿಲಿಗಿಡ್ತಾರೆ.

ಕಳೆದ ವರ್ಷ ಊರು ಬದಲಿಸ್ತಾ ಇದ್ದ ಒಬ್ಬರ ಹತ್ರ ಆರು ಕೇಜಿ ಹಳೇ ಲೆಗೋ ತಗೊಂಡೆ. ಎರಡೂ ಬೂದು ಕಲೆತಿತ್ತು. ಟ್ಯೂಬ್‌ಲೈಟಿನಲ್ಲಿ ನನಗೆ ಒಂದೂ ಗೊತ್ತಾಗ್ತಿರಲಿಲ್ಲ. ಅಮ್ಮ ಒಂದು ವಾರಕ್ಕೆ ಅಂತ ಬಂದಿದ್ದರು. ಅರ್ಧ ಗಂಟೆ ನನ್ನ ಒದ್ದಾಟ ನೋಡಿದರು. ಆಮೇಲೆ ಅಡುಗೆಮನೆಯಿಂದ ಮೊರ ತಂದು, ಬಾಲ್ಕನಿ ಬೆಳಕಿನಲ್ಲಿ ಕೂತು, ಒಂದು ಹಿಡಿ ಇಟ್ಟಿಗೆ ಅದರಲ್ಲಿ ಹರವಿ, ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೆ ಶುರು ಮಾಡಿದರು. ಬೆರಳು ನಿಲ್ತಾನೇ ಇರಲಿಲ್ಲ. ಕಾಫಿ ಆರುವಷ್ಟರಲ್ಲಿ ಆರಿಸಿದ್ದೆಲ್ಲ ಗುಡ್ಡೆಯಾಗಿತ್ತು. ನಾನು ಎಣಿಸಿದೆ. ಎರಡಲ್ಲ, ಮೂರು ಗುಡ್ಡೆ.

"ಇದ್ಯಾಕಮ್ಮ ಮೂರು?"

"ಇವು ಹೊಸದರ ಜಾತಿನೇ ಕಣೋ, ಬಿಸಿಲಲ್ಲಿ ಬಿದ್ದು ಹಳೇದರ ಹಾಗೆ ಆಗಿವೆ. ಒಳಗಡೆ ತಿರುಗಿಸಿ ನೋಡು."

ತಿರುಗಿಸಿ ನೋಡಿದೆ. ಒಳಗೆ, ಕೊಳವೆಯ ಸುತ್ತ, ತಣ್ಣಗಿನ ನೀಲಿ ಬೂದು ಹಾಗೇ ಇತ್ತು. ಡ್ರಾಯರಿಗೆ ಅಂಟಿಸೋಕೆ ಎರಡೇ ಚೀಟಿ ಬರೆದಿಟ್ಟಿದ್ದೆ; ಮೂರನೇದಕ್ಕೆ ಏನು ಬರೀಲಿ ಅಂತ ಪೆನ್ನು ಹಿಡಿದು ಕೂತಿದೀನಿ.