ಎರೆ ಹೊಲ, ಒಡ್ಡು ಮತ್ತು ಹಿಂಗಾರಿ ಜೋಳ

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿ. ಆ ಮಳೆ ಬಿಡುವು ಕೊಟ್ಟಾಗ ಹಿಂಗಾರಿ ಜೋಳದ ಬಿತ್ತನೆ. ಆಮೇಲೆ ಮೇಲಿನಿಂದ ಬರುವುದು ಅಲ್ಪಸ್ವಲ್ಪ. ಎರೆಮಣ್ಣು ಒಳಗೆ ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆ ತೆನೆ ಕಟ್ಟಬೇಕು. ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ ಎಷ್ಟು ನೀರು ಹೊಲದಲ್ಲೇ ಇಂಗಿತು ಎನ್ನುವುದು ಇಲ್ಲಿನ ಮನೆಗಳ ಜೋಳದ ಚೀಲಗಳನ್ನು ನಿರ್ಧರಿಸುತ್ತ ಬಂದಿದೆ.

ಎರೆಮಣ್ಣಿನ ಗುಣವೇ ವಿಚಿತ್ರ. ಒಣಗಿದಾಗ ಆಳವಾಗಿ ಬಿರಿಯುತ್ತದೆ. ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಮೇಲೆ ಬಿದ್ದ ಮಳೆ ನಿಲ್ಲದೆ ಹರಿದು, ಫಲವತ್ತಾದ ಮೇಲ್ಮಣ್ಣನ್ನೂ ಹಳ್ಳಕ್ಕೆ ಒಯ್ಯುತ್ತದೆ. ರೈತರು ಇದಕ್ಕೆ ಕಂಡುಕೊಂಡ ಉಪಾಯಗಳು ಹಳೆಯವು: ಬೇಸಾಯದ ಹೊಲಕ್ಕೆ ಮಳೆಯಾದಾಗಲೆಲ್ಲ ಕುಂಟೆ ಹೊಡೆಯುವುದು, ಇಳಿಜಾರಿನ ತಗ್ಗಿನಲ್ಲಿ ಒಡ್ಡು ಹಾಕುವುದು, ಹೆಚ್ಚಾದ ನೀರು ಹೋಗಲು ಕಲ್ಲಿನ ಕೋಡಿ ಬಿಡುವುದು. ಹುನಗುಂದದ ಕಡೆ ಇಂಥ ಎತ್ತರದ ಒಡ್ಡುಗಳು ಹೆಸರಾಗಿವೆ. ಒಡ್ಡಿನ ಹಿಂದೆ ವರ್ಷ ವರ್ಷವೂ ಮಣ್ಣು ನಿಂತು, ಕೊರಕಲು ಬಿದ್ದ ನೆಲವೇ ಊರಿನ ಒಳ್ಳೆಯ ಹೊಲವಾಗುವುದುಂಟು. ಆದರೆ ಒಡ್ಡಿಗೆ ಎತ್ತು, ಕಲ್ಲು, ಕೂಲಿ ಮೂರೂ ಬೇಕು. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಉಳಿದೀತೆಂಬ ಭರವಸೆಯಿಲ್ಲದ ಲಾವಣಿದಾರನಿಗೆ ಅದು ನಿಲುಕದ ಕೆಲಸ.

1876–78ರ ಬರ ಈ ಸೀಮೆಯನ್ನು ಜರ್ಜರಿತಗೊಳಿಸಿತು. ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶದ ಜನಸಂಖ್ಯೆ 1872 ಮತ್ತು 1881ರ ಗಣತಿಗಳ ನಡುವೆ ಐದರಲ್ಲೊಂದು ಪಾಲಿನಷ್ಟು ಇಳಿಯಿತು. ಸರಕಾರ ಬರಗಾಲದ ಕಾಮಗಾರಿಯೆಂದು ಜನರಿಂದ ಮುಖ್ಯವಾಗಿ ಮಾಡಿಸಿದ್ದು ರಸ್ತೆ, ಕೆರೆಗಳ ಕೆಲಸ. ಹೊಲದ ಮಣ್ಣು ಅದರ ಕಣ್ಣಿಗೆ ಬೀಳಲಿಲ್ಲ. 1883ರ ಕಾಯಿದೆ ಭೂಸುಧಾರಣೆಗೆ ತಗಾವಿ ಸಾಲದ ದಾರಿ ತೆರೆಯಿತು. ಆದರೆ ಸಾಲ ತೀರಿಸುವ ತ್ರಾಣವಿದ್ದವನಿಗಷ್ಟೇ ಅದು ಉಪಯೋಗ. ಸಲಕರಣೆಯ ಕಡೆಯಿಂದಲೂ ಬದಲಾವಣೆ ಬಂತು: 1903ರಲ್ಲಿ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕರಿಕೆ ಹಬ್ಬಿದ ಎರೆ ನೆಲವನ್ನು ಆಳವಾಗಿ ಉಳಲು ಮರದ ನೇಗಿಲಿಗಿಂತ ಕಬ್ಬಿಣದ್ದು ಮೇಲು.

ಒಣಬೇಸಾಯದ ಸಂಶೋಧನೆ 1923ರಲ್ಲಿ ಪುಣೆ ಹತ್ತಿರದ ಮಾಂಜರಿಯಲ್ಲಿ ಶುರುವಾಯಿತು. ಸುಮಾರು ಹತ್ತು ವರ್ಷಗಳ ನಂತರ ಸೊಲ್ಲಾಪುರ, ಬಿಜಾಪುರ (ಇಂದಿನ ವಿಜಯಪುರ), ಹಗರಿ, ರಾಯಚೂರು, ರೋಹ್ತಕ್‌ಗಳಲ್ಲಿ ಐದು ಕೇಂದ್ರಗಳು ಬಂದವು. ಇವುಗಳಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ಸೊಲ್ಲಾಪುರದ ವಿಜ್ಞಾನಿ ಎನ್. ವಿ. ಕಾನಿಟ್ಕರ್ 1944ರಲ್ಲಿ ಪ್ರಕಟಿಸಿದ ಒಣಬೇಸಾಯದ ಗ್ರಂಥದಲ್ಲಿ ಈ ಅನುಭವದ ಸಾರವಿದೆ. ಒಡ್ಡು ಹಾಕುವುದು, ಕೆಲವು ವರ್ಷಗಳಿಗೊಮ್ಮೆ ಆಳ ಉಳುಮೆ, ಕೊಟ್ಟಿಗೆ ಗೊಬ್ಬರ, ಕಡಿಮೆ ಬೀಜವನ್ನು ಅಗಲ ಸಾಲಿನಲ್ಲಿ ಬಿತ್ತುವುದು, ಮತ್ತೆ ಮತ್ತೆ ಎಡೆ ಹೊಡೆಯುವುದು: ‘ಮುಂಬಯಿ ಪದ್ಧತಿ’ ಎಂದರೆ ಇಷ್ಟೇ. ಇದರಲ್ಲಿ ಹಲವು ಕೆಲಸಗಳು ರೈತರಿಗೆ ಮೊದಲೇ ಗೊತ್ತಿದ್ದವು. ಹೆಚ್ಚುವರಿ ಇಳುವರಿ ನೂರಕ್ಕೆ 15ರಿಂದ 20ರಷ್ಟು. ಮೂಲ ಫಸಲೇ ತೀರ ಕಡಿಮೆಯಿದ್ದಾಗ ಆ ಲಾಭ ರೈತನ ಮನ ಒಲಿಸಲಿಲ್ಲ.

ಒಡ್ಡಿಗೆ ಸರಕಾರದ ಬಲ ಬಂದದ್ದು 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯಿಂದ. ಆ ವರ್ಷವೇ ಬಿಜಾಪುರಕ್ಕೆ ಬರ ಬಡಿಯಿತು. ಈ ಸಲ ಕೂಲಿಗೆ ಬಂದವರಿಂದ ಹೊಲಗಳಲ್ಲಿ ಒಡ್ಡು ಹಾಕಿಸಿದರು. ರಸ್ತೆಗಿಂತ ಇದು ಎಷ್ಟೋ ಬುದ್ಧಿವಂತಿಕೆಯ ಕೆಲಸ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ, 1961ರ ಭೂಸುಧಾರಣಾ ಕಾಯಿದೆಯ ಆಸರೆಯಲ್ಲಿ, ಈ ಕೆಲಸ ಮುಂದುವರಿಯಿತು.

ಸರಕಾರ ಎಡವಿದ್ದು ಮಣ್ಣಿನ ಭೇದ ನೋಡದೆ ಇದ್ದಲ್ಲಿ. ಮಸಾರಿ (ಕೆಂಪು ಮಣ್ಣಿನ) ಹೊಲಗಳಿಗೆ ಒಗ್ಗಿದ, ಒಂದೇ ಎತ್ತರದ ಗೆರೆಗುಂಟ ಹಾಕುವ ಸಮಪಾತಳಿ ಒಡ್ಡನ್ನು ಆಳವಾದ ಎರೆಗೂ ಹಾಕಿದರು. ಅಲ್ಲಿ ಒಡ್ಡಿನ ಹಿಂದೆ ನೀರು ಇಂಗದೆ ನಿಂತು ಬೆಳೆ ಕೊಳೆಯಿತು. ಬೇಸಗೆಯಲ್ಲಿ ಬಿರಿದ ಒಡ್ಡು ಮಳೆಗಾಲದಲ್ಲಿ ಒಡೆಯಿತು. ಸಮಪಾತಳಿ ಗೆರೆಗೆ ಹೊಲದ ಎಲ್ಲೆಕಟ್ಟಿನ ಹಂಗಿಲ್ಲ. ಹೊಲವನ್ನು ಓರೆಯಾಗಿ ಸೀಳಿದ ಒಡ್ಡು ಕೂರಿಗೆ, ಕುಂಟೆಗಳ ಓಟಕ್ಕೆ ಅಡ್ಡ. ಒಬ್ಬನ ನೀರು ಇನ್ನೊಬ್ಬನ ಹೊಲಕ್ಕೆ ಬಿದ್ದು ಜಗಳಕ್ಕೂ ಕಾರಣ. ಎಲ್ಲೆಯ ಮೇಲಿನ ಒಡ್ಡನ್ನು ಕಾಪಾಡಿಕೊಂಡ ರೈತರೇ ಸರಕಾರಿ ಒಡ್ಡನ್ನು ಉತ್ತು ಸಮ ಮಾಡಿದ್ದರೆ ಅದಕ್ಕೆ ಅಜ್ಞಾನ ಕಾರಣವಲ್ಲ.

1954ರಲ್ಲಿ ಆರಂಭವಾದ ಬಳ್ಳಾರಿಯ ಭೂಸಂರಕ್ಷಣಾ ಕೇಂದ್ರ ಮತ್ತು 1970ರ ದಶಕದಲ್ಲಿ ಅಖಿಲ ಭಾರತ ಒಣಬೇಸಾಯ ಯೋಜನೆಯಡಿ ಬಂದ ಬಿಜಾಪುರ ಕೇಂದ್ರ ಎರೆ ನೆಲಕ್ಕೆ ಬೇರೆ ದಾರಿ ಹುಡುಕಿದವು. ಹೆಚ್ಚಾದ ನೀರು ಮೆಲ್ಲಗೆ ಹೊರಹೋಗುವಂಥ ಇಳುಕಲು ಒಡ್ಡು ಒಂದು. ಚೌಕು ಮಡಿ ಇನ್ನೊಂದು. ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲವನ್ನು ಗಿಡ್ಡ ಬದುಗಳಿಂದ ಚೌಕ ಚೌಕವಾಗಿ ಕಟ್ಟಿಟ್ಟರೆ ಸೆಪ್ಟೆಂಬರಿನ ಮಳೆ ಬಿದ್ದಲ್ಲೇ ಇಂಗುತ್ತದೆ. ಬಿತ್ತನೆ ಹೊತ್ತಿಗೆ ಕುಂಟೆ ಹೊಡೆದು ಬದುಗಳನ್ನು ಅಳಿಸಿಬಿಡಬಹುದು. ನೆಲವೂ ವ್ಯರ್ಥವಾಗದು, ನೆರೆಯವನೊಡನೆ ತಕರಾರೂ ಇರದು. ಎತ್ತುಗಳಿಂದ ಎಳೆಸುವ ಬದು ಕಟ್ಟುವ ಸಲಕರಣೆಯಿದ್ದರೆ ಸಾಕು. ಹಿಂಗಾರಿ ಎರೆ ಹೊಲಗಳಿಗೆ ಕೃಷಿ ವಿಜ್ಞಾನಿಗಳು ಇಂದಿಗೂ ಶಿಫಾರಸು ಮಾಡುವುದು ಇದನ್ನೇ.