ಕಿತ್ತೂರಿನ ಫೋನು, ಗುಡ್ಡದ ಮೇಲಿನ ಕ್ಲಾಸು

2020ರ ಮಳೆಗಾಲ ನೆನಪಿದೆಯಲ್ಲ? ಶಾಲೆಗಳಿಗೆ ಬೀಗ, ಪಾಠವೆಲ್ಲ ಮೊಬೈಲ್‌ನಲ್ಲಿ. ಮಲೆನಾಡಿನ ಮಕ್ಕಳು ಕೊಡೆ ಹಿಡಿದು, ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ನಾವು ಅದನ್ನು ಟಿವಿಯಲ್ಲಿ ತೋರಿಸಿದೆವು. ಮಕ್ಕಳ ಛಲ ನೋಡಿ ಅಂತ ಹೊಗಳಿದೆವು ಕೂಡ. ಆ ಮಕ್ಕಳು ಗುಡ್ಡ ಯಾಕೆ ಹತ್ತಬೇಕಾಯಿತು ಅಂತ ಎಷ್ಟು ಜನ ಕೇಳಿದೆವು?

ಲೆಕ್ಕ ಸರ್ಕಾರದ ಕೈಯಲ್ಲೇ ಇತ್ತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ, ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಇದ್ದದ್ದು ನೂರಕ್ಕೆ ಸುಮಾರು 15 ಮನೆಗಳಲ್ಲಿ. ಪಟ್ಟಣಗಳಲ್ಲಿ 42. ಹಳ್ಳಿಯ ನೂರು ಮನೆಗಳಲ್ಲಿ ಕಂಪ್ಯೂಟರ್ ಇದ್ದ ಮನೆ ಐದೂ ಇರಲಿಲ್ಲ. ಇದು ಗೊತ್ತಿದ್ದೂ ಶಾಲೆಯನ್ನು ಮೊಬೈಲ್‌ಗೆ ಒಪ್ಪಿಸಿದೆವು.

ಈ ಅಂತರವನ್ನು ದಾಟುವ ದಾರಿ ನಮಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಇತಿಹಾಸ ಸ್ವಲ್ಪ ತಿರುವಿ ನೋಡಿ. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದರ ಹಿಂದಿದ್ದವರು ಸ್ಯಾಮ್ ಪಿತ್ರೋಡ. ಏಸಿ ಕೋಣೆ ಬೇಡದ, ಧೂಳು-ಸೆಕೆ ತಡೆಯುವ 128 ಲೈನುಗಳ ಪುಟ್ಟ ಎಕ್ಸ್‌ಚೇಂಜನ್ನು ನಮ್ಮ ಎಂಜಿನಿಯರುಗಳೇ ಕಟ್ಟಿದರು. ಅದು ಮೊದಲು ಬಂದು ಕೂತದ್ದು ಎಲ್ಲಿ ಗೊತ್ತಾ? 1986ರಲ್ಲಿ, ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ!

ಆಮೇಲೆ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂತು. ಮನೆಗೊಂದು ಫೋನ್ ಕೊಡುವ ತಾಕತ್ತು ಆಗ ದೇಶಕ್ಕೆ ಇರಲಿಲ್ಲ. ಹಾಗಂತ ಬಡವನನ್ನು ಬಿಡಲಿಲ್ಲ. ಊರಿಗೊಂದು ಬೂತು, ಅದರಲ್ಲೊಬ್ಬ ಮನುಷ್ಯ. ನಂಬರ್ ಚೀಟಿ ಕೊಟ್ಟರೆ ಅವನೇ ಒತ್ತಿ ಕೊಡುತ್ತಿದ್ದ. ರಾತ್ರಿ ದರ ಇಳಿಯುವುದನ್ನೇ ಕಾದು ಜನ ಸಾಲು ನಿಲ್ಲುತ್ತಿದ್ದರು. ಓದು ಬಾರದ ತಾಯಿಯೂ ಬೊಂಬಾಯಿಯಲ್ಲಿದ್ದ ಮಗನ ದನಿ ಕೇಳಿದ್ದು ಹಾಗೆ.

2000ದ ಹೊತ್ತಿಗೆ ನಮ್ಮ 'ಭೂಮಿ' ಯೋಜನೆ ಬಂತು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿದವು. ರೈತ ಕಂಪ್ಯೂಟರ್ ಕೊಳ್ಳಲಿಲ್ಲ, ಕಲಿಯಲೂ ಇಲ್ಲ. ತಾಲ್ಲೂಕು ಕಚೇರಿ ಕೌಂಟರ್‌ನಲ್ಲಿ 15 ರೂಪಾಯಿ ಕೊಟ್ಟ, ಕನ್ನಡದಲ್ಲೇ ಅಚ್ಚಾದ ಪಹಣಿ ಪಡೆದ. ಬಸ್ ಹಿಡಿದು ತಾಲ್ಲೂಕಿಗೆ ಅಲೆಯುವುದು ತಪ್ಪಲಿಲ್ಲ, ನಿಜ. ಆದರೆ ಕೇಳಿದ್ದಕ್ಕೆ ಉತ್ತರ ಕೊಡಲು ಅಲ್ಲೊಬ್ಬ ಇದ್ದ.

ಇವತ್ತು? ಪಿಂಚಣಿಗೆ ಒಟಿಪಿ, ರೇಷನ್‌ಗೆ ಬೆರಳಚ್ಚು, ಸ್ಕಾಲರ್‌ಶಿಪ್‌ಗೆ ಪೋರ್ಟಲ್. ಎಲ್ಲರ ಜೇಬಲ್ಲೂ ಸ್ಮಾರ್ಟ್‌ಫೋನ್ ಇದೆ, ಡೇಟಾ ಇದೆ, ಇಂಗ್ಲಿಷ್ ಬರುತ್ತೆ ಅಂತ ಅಂದುಕೊಂಡೇ ವ್ಯವಸ್ಥೆ ಕಟ್ಟುತ್ತಿದ್ದೇವೆ. ಮನೆಗೊಂದೇ ಫೋನ್ ಇದ್ದರೆ ಅದು ಅಪ್ಪನ ಜೇಬಲ್ಲಿ ಹೊಲಕ್ಕೆ ಹೋಗುತ್ತೆ, ಮಗಳ ಕೈಗೆ ಸಿಗೋದು ರಾತ್ರಿಗೆ.

2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿದೆ. ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅವೇ ಇವತ್ತಿನ ಹಳದಿ ಬೂತ್ ಆಗಲಿ. ಸಂಜೆ ಎಂಟರವರೆಗೆ ಬಾಗಿಲು ತೆರೆದಿರಲಿ, ನಾಲ್ಕು ಕಂಪ್ಯೂಟರ್ ಕೆಲಸ ಮಾಡಲಿ, ಅರ್ಜಿ ತುಂಬಿಸಿಕೊಡಲು ಸರಿಯಾದ ಸಂಬಳದ ಒಬ್ಬರು ಕೂತಿರಲಿ. ಆನ್‌ಲೈನ್ ಬಾರದವರಿಗೆ ಪ್ರತಿ ಕಚೇರಿಯಲ್ಲೂ ಒಂದು ಕೌಂಟರ್ ಉಳಿಯಲಿ.

ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಕಿತ್ತೂರಿಗೆ ಎಕ್ಸ್‌ಚೇಂಜ್ ಮುಟ್ಟಿಸಿದವರು ನಾವು. ಆ ಮಕ್ಕಳನ್ನು ಗುಡ್ಡದಿಂದ ಕೆಳಗಿಳಿಸೋದು ನಮ್ಮಿಂದ ಆಗಲ್ವಾ?