ಲಾಂಚ್ ನಿಂತ ರಾತ್ರಿ, ಸದ್ದು ನಿಂತ ಪೆಟ್ಟಿಗೆ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿತು. ತುಮರಿಯಿಂದ ಸಾಗರಕ್ಕೆ ಹೋಗಲು ಮೊದಲು ದೋಣಿ, ಆಮೇಲೆ ಲಾಂಚ್. ಕತ್ತಲಾದರೆ ಅದೂ ಇಲ್ಲ. ಕೆಟ್ಟಿದ್ದನ್ನು ಮನೆಯಲ್ಲೇ ಬಿಚ್ಚಿ ನೋಡುವುದು ಇಲ್ಲಿನವರಿಗೆ ರೂಢಿಯಾದದ್ದು ಹಾಗೆ.

ಸೇತುವೆಗೆ ಮುಂಚಿನ ಮಾತು. ಗೆಳೆಯನೊಬ್ಬ ಮನೆಯಲ್ಲೇ ಮಾಡಿದ ಗಿಟಾರ್ ಆಂಪ್ ಸಿಮ್ಯುಲೇಟರ್ ಕೈಕೊಟ್ಟಿತು. ಮಾರನೇ ದಿನ ಶಾಲೆಯಲ್ಲಿ ಕಾರ್ಯಕ್ರಮ, ಲಾಂಚ್ ನಿಂತಾಗಿತ್ತು.

ಹಳೆಯ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಇದ್ದದ್ದು ಗಾಜಿನ ವಾಲ್ವ್. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು, ರೇಡಿಯೋಗಳಿಂದ ವಾಲ್ವ್ ಮಾಯವಾಯಿತು. ಆದರೆ ಜೋರು ಮಾಡಿದಾಗ ವಾಲ್ವ್ ಕೊಡುವ ತುಸು ಒಡೆದ ದನಿಯನ್ನು ಗಿಟಾರಿನವರು ಬಿಡಲಿಲ್ಲ. ಅದೇ ದನಿಯನ್ನು ಎಫ್‌ಇಟಿ ಎಂಬ ಟ್ರಾನ್ಸಿಸ್ಟರ್‌ಗಳಿಂದ, 9 ವೋಲ್ಟ್ ಬ್ಯಾಟರಿಯಲ್ಲಿ ಹೊರಡಿಸಲು ನೋಡುವುದು ಗೆಳೆಯನ ಸರ್ಕ್ಯೂಟ್.

ಅದು ಗೊರಗೊರ ಅಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಸರಿ, ಬೆಸುಗೆ ಸರಿ. ಮಲ್ಟಿಮೀಟರ್ ಹಿಡಿದು ಒಂದೊಂದೇ ಎಫ್‌ಇಟಿಯ ಡ್ರೈನ್ ಕಾಲಿನಲ್ಲಿ ವೋಲ್ಟೇಜ್ ನೋಡಿದೆವು. ಬ್ಯಾಟರಿಯ ಅರ್ಧ, ಅಂದರೆ ಸುಮಾರು 4.5 ಇರಬೇಕು. ಎರಡನೆಯದರಲ್ಲಿ 8.6 ಇತ್ತು! ಒಂದೇ ನಂಬರಿನ ಎಫ್‌ಇಟಿಗಳೂ ಒಂದರ ಹಾಗೆ ಒಂದಿರುವುದಿಲ್ಲ. ಅದಕ್ಕೇ ಪ್ರತಿಯೊಂದಕ್ಕೂ ತಿರುಗಿಸುವ ಪುಟ್ಟ ಪ್ರಿಸೆಟ್ ಇಟ್ಟಿರುತ್ತಾರೆ. ತಿರುಗಿಸಿ 4.5ಕ್ಕೆ ತಂದೆವು. ದನಿ ಬಂತು.

2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯಿತು. ಇನ್ನು ಲಾಂಚ್ ಕಾಯಬೇಕಿಲ್ಲ. ಆದರೂ ಪೆಟ್ಟಿಗೆ ಹೊತ್ತು ಸಾಗರಕ್ಕೆ ಹೊರಡುವ ಮೊದಲು ಒಮ್ಮೆ ಮೀಟರ್ ಹಿಡಿದು ನೋಡಿ.